ಎರಡು ಕಿವಿಗೆ ಎರಡು ಸುರ

ಮಕ್ತಲದ ನಮ್ಮ ಮನೆಯಲ್ಲಿ ಹಾಡುವವರು ಯಾರೂ ಇರಲಿಲ್ಲ. ಗದ್ವಾಲದಲ್ಲಿ ಓದುವಾಗ ಚರ್ಚಿನ ಸಿಸ್ಟರ್ ಒಬ್ಬರು ನನ್ನನ್ನು ಹಾರ್ಮೋನಿಯಂ ಮುಂದೆ ಕೂಡಿಸಿದರು. ಅಲ್ಲಿಂದ ಹಿಡಿದ ದಾರಿ ಪಟ್ಟಣದ ಕಥೀಡ್ರಲ್ ಮುಟ್ಟಿಸಿತು. ಬಿಷಪ್ಪರ ಆ ದೊಡ್ಡ ಚರ್ಚಿನಲ್ಲಿ ಮದುವೆಗೂ ಮಣ್ಣಿಗೂ ಆರ್ಗನ್ ನುಡಿಸುತ್ತಲೇ ನನ್ನ ತಲೆ ಬೆಳ್ಳಗಾಯಿತು. ಯಜಮಾನರ ನೌಕರಿ ಮುಗಿದ ಮೇಲೆ ಗದ್ವಾಲಕ್ಕೆ ಬಂದು ನಿಂತೆವು. ಇಲ್ಲಿಯ ಚರ್ಚಿನಲ್ಲಿ ಒಂದು ಕೀಬೋರ್ಡ್ ಇತ್ತು, ತೆಲುಗಿನಲ್ಲಿ ಬಾಯ್ತುಂಬ ಹಾಡುವ ಹೆಣ್ಣುಮಕ್ಕಳಿದ್ದರು. ನನಗಷ್ಟು ಸಾಕಾಗಿತ್ತು.

ಹೋದ ವರ್ಷ, ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ. ಜನ ಗರಿ ಹಿಡಿದು ಒಳಗೆ ಬರುತ್ತಿದ್ದರು. ಮೊದಲ ಸುರ ಒತ್ತಿದೆ. ಒತ್ತಿದ್ದು ಒಂದೇ ಕೀ, ಕೇಳಿದ್ದು ಎರಡು ಸುರ. ಎಡಗಿವಿಗೆ ಸರಿಯಾಗಿತ್ತು, ಬಲಗಿವಿಗೆ ತುಸು ಮೇಲೆ. ಕೀಬೋರ್ಡ್ ಕೆಟ್ಟಿದೆ ಅಂದುಕೊಂಡೆ. ಆದರೆ ಹಾಡುವವರ ದನಿಯೂ ಒಡೆದಿತ್ತು, ಪೂಜೆಯ ಗಂಟೆಯೂ ಒಡೆದಿತ್ತು. ಕೆಟ್ಟಿದ್ದು ನಾನೇ. ಬೆರಳು ರೂಢಿಯ ಮೇಲೆ ಓಡಿದವು.

ಮನೆಯಲ್ಲಿ ಹೇಳಲಿಲ್ಲ. ಒಂದು ಕಿವಿ ಮುಚ್ಚಿ, ಇನ್ನೊಂದು ತೆರೆದು, ಚಮಚೆಯಿಂದ ಲೋಟ ಬಡಿದು ಬಡಿದು ನೋಡುತ್ತಿದ್ದೆ. ಯಜಮಾನರು ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡಿದರು.

“ಏನು ಮಾಡಾಕತ್ತೀ?”

ಅಳುತ್ತಲೇ ಎಲ್ಲ ಹೇಳಿದೆ. ಮರುದಿನವೇ ರಾಯಚೂರಿಗೆ ಕರೆದೊಯ್ದರು. ಡಾಕ್ಟರು ಯಂತ್ರ ಹಚ್ಚಿ ಪರೀಕ್ಷೆ ಮಾಡಿದರು.

“ಬಲಗಿವಿ ಒಳಗ ನರ ಸೊರಗೈತ್ರಿ. ಔಷಧ ಕೊಡ್ತೀನಿ. ಮೊದಲಿನಂಗ ಆಗತೈತಿ ಅಂತ ಹೇಳಾಕ ಬರಂಗಿಲ್ಲ.”

“ಎಡಗಿವಿರೀ?”

“ಅದು ಈಗ ಚಲೋ ಐತ್ರಿ.”

‘ಈಗ’ ಅನ್ನುವ ಆ ಒಂದು ಮಾತು ಬಸ್ಸಿನಲ್ಲಿ ಗದ್ವಾಲದ ತನಕ ನನ್ನನ್ನು ತಿಂದಿತು.

ಹಾಡುವವರ ಮುಂದಾಳು ಐಜ ಊರಿನ ಕಡೆಯ ಟೀಚರಮ್ಮ. ಅವಳಿಗೆ ಕಿವಿಯ ಸಂಗತಿ ಹೇಳಿಬಿಟ್ಟೆ. “ನನ್ನ ಕೈಲೆ ಆಗಂಗಿಲ್ಲವ್ವ. ಈಸ್ಟರಿಗೆ ಬ್ಯಾರೆಯವರನ್ನ ನೋಡ್ಕೋ.”

“ಯಾರನ್ನ ನೋಡ್ಲಿ ಅಕ್ಕಾರ? ಆ ಕಿವಿಗೆ ಅರಳಿ ಇಟ್ಕೋರಿ. ನಾ ಎದುರಿಗೆ ನಿಂದರ್ತೀನಿ. ಸುರ ತಪ್ಪಿದ್ರ ಕೈ ಎತ್ತತೀನಿ.”

ಈಸ್ಟರ್ ಬೆಳಿಗ್ಗೆ ಅರಳೆ ತುರುಕಿಕೊಂಡು ಕೂತೆ. ಅರ್ಧ ಚರ್ಚು ಗೋಡೆಯಾಚೆ ಹೋದಂತಾಯಿತು. ಈಸ್ಟರಿಗೆ ಮುಂಚಿನ ತಪಸ್ಸಿನ ದಿನಗಳಲ್ಲಿ ದೇವರ ಮಹಿಮೆಯ ಹಾಡು ಹಾಡುವುದಿಲ್ಲ. ಅದಕ್ಕೇ ಎಲ್ಲರೂ ಕಾದು ನಿಂತಿದ್ದರು. ಶುರು ಮಾಡಿದೆ. ಕಣ್ಣು ಅವಳ ಕೈ ಮೇಲೆ. ಹಾಡಿನ ನಡುವೆ ಅವಳ ಕೈ ಮೇಲೆದ್ದಿತು.

ಎಲ್ಲಿ ತಪ್ಪಿದೆ? ಯಾವ ಕಡೆ ತಿದ್ದಲಿ? ಕೈ ತೆಗೆದುಬಿಡೋಣ ಅನ್ನಿಸಿತು. ತೆಗೆದರೆ ಇಷ್ಟು ಜನರ ಹಾಡು ನಡುನೀರಿನಲ್ಲಿ. ಕಣ್ಣು ಮುಚ್ಚಿ ಕೊನೆಯವರೆಗೂ ನುಡಿಸಿದೆ.

ಪೂಜೆ ಮುಗಿದ ಮೇಲೆ ಕೇಳಿದೆ, “ಎಲ್ಲಿ ತಪ್ಪಿತವ್ವಾ?”

“ಎಲ್ಲೂ ಇಲ್ರಿ.”

“ಮತ್ತ ಕೈ ಎತ್ತಿದ್ಯಲ್ಲ?”

ಅವಳು ನಾಲಿಗೆ ಕಚ್ಚಿಕೊಂಡಳು. “ಅಯ್ಯ, ತಲಿಮ್ಯಾಲಿನ ಸೆರಗು ಜಾರಿತ್ರಿ ಅಕ್ಕಾರ.”

ನಗಬೇಕಿತ್ತು. ಸ್ಟೂಲಿನ ಮೇಲೆ ಕೂತು ಗಳಗಳ ಅತ್ತೆ. ಅವಳು ನನ್ನ ಕೈ ಹಿಡಿದು ನಿಂತಳು.

ಬಲಗಿವಿ ಸರಿಹೋಗಿಲ್ಲ. ಇವತ್ತಿಗೂ ಅರಳೆ ಇಟ್ಟುಕೊಂಡೇ ನುಡಿಸುತ್ತೇನೆ. ಪ್ರತಿ ಭಾನುವಾರ ಜನ ಬರುವ ಮೊದಲೇ ಹೋಗಿ ಒಂದೇ ಒಂದು ಸುರ ಮೆಲ್ಲಗೆ ಒತ್ತಿ ಎಡಗಿವಿ ಕೊಡುತ್ತೇನೆ. ಅದು ಸರಿಯಾಗಿ ಕೇಳಿದ ಮೇಲೆಯೇ ಹಾಡಿನ ಪುಸ್ತಕ ತೆರೆಯುತ್ತೇನೆ.