ಮೊದಲು ಬಂದವರ ಮನೆ ತಗ್ಗಿನಲ್ಲಿ

ಬಯಲುಸೀಮೆಗೆ ಹೊರಟವರಿಗೆ ನಮ್ಮ ಕರಾವಳಿಯವರು ಹೇಳುವುದು ಒಂದೇ ಮಾತು: ಬಿಸಿಲು ಉಂಟು, ಧೂಳು ಉಂಟು, ನೀರು ಮಾತ್ರ ಇಲ್ಲ. ನನಗೂ ಹೇಳಿದರು. ಚಿಕ್ಕಮ್ಮ ಎರಡು ದೊಡ್ಡ ಕೊಡಪಾನಗಳನ್ನು ಬಸ್ಸಿಗೆ ಹಾಕಿಸಿಯೇ ಬಿಟ್ಟರು. ಹಾಗಾದರೆ ಗಂಗಾವತಿಗೆ ಬಂದ ವಾರದೊಳಗೇ, ಒಂದು ಬೆಳಿಗ್ಗೆ, ನನ್ನ ಚಪ್ಪಲಿಗಳು ಅಂಗಳದಲ್ಲಿ ತೇಲುತ್ತಿದ್ದದ್ದು ಹೇಗೆ?

ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಹಿಂದಿನ ರಾತ್ರಿ ಹನಿ ಬಿದ್ದಿರಲಿಲ್ಲ. ನಲ್ಲಿ ಬಂದ್ ಇತ್ತು. ಬಿಸಿಲು ನೀರಿನ ಮೇಲೆ ಹೊಳೆಯುತ್ತಿತ್ತು. ಅಮ್ಮನಿಗೆ ಫೋನು ಮಾಡಿದೆ. "ಮಳೆ ಇಲ್ಲದೆ ನೆರೆ ಎಂತದು ಮಾರಾಯ್ತಿ? ಸರಿ ನಿದ್ದೆ ಮಾಡಿದ್ದೀಯಲ್ಲ?" ಎಂದರು.

ನಾನು ಇಲ್ಲಿಯ ಪಾಲಿಟೆಕ್ನಿಕ್ ಒಂದರಲ್ಲಿ ಸಿವಿಲ್ ವಿಭಾಗದ ಉಪನ್ಯಾಸಕಿ. ಅದಕ್ಕೂ ಮೊದಲು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತಾಡಿ ಗೆಲ್ಲುತ್ತಿದ್ದವಳು. ಯಾರಾದರೂ "ಎಲ್ಲರಿಗೂ ಗೊತ್ತಿರೋದೇ" ಎಂದು ಶುರುಮಾಡಿದರೆ ನನಗೆ ಮೈ ತುರಿಸುತ್ತದೆ. ಬಾಡಿಗೆ ಮನೆ ಸಿಕ್ಕಿದ್ದು ಊರಾಚೆಯ ಹೊಸ ಬಡಾವಣೆಯಲ್ಲಿ. ಮನೆ ಮಾಲೀಕರು ಬಸಣ್ಣ, ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರು, ಓಣಿಯ ಮೇಲಿನ ತುದಿಯಲ್ಲಿ ಈಚೆಗೆ ಕಟ್ಟಿಸಿದ ಮನೆಯಲ್ಲಿರುತ್ತಾರೆ. ಮೊದಲ ದಿನ ಕೇಳಿದರು:

"ಯಾವೂರ್ರೀ ಮೇಡಂ ನಿಮ್ದು?"

"ಮಂಗಳೂರು."

"ಹಂಗಾರ ಹತ್ರನ ಆತು. ಯಲಬುರ್ಗಾ ಕಡಿ ಮಂಗಳೂರಲ್ಲ?"

"ಅಲ್ಲ, ಸಮುದ್ರದ ಮಂಗಳೂರು."

"ಓ, ಅದೂ ಒಂದೈತಿ ಬಿಡ್ರಿ."

ಚಪ್ಪಲಿ ತೇಲಿದ ದಿನ ಬಸಣ್ಣ ಪ್ಯಾಂಟು ಮಡಚಿಕೊಂಡು ಬಂದು ನಿರಾಳವಾಗಿ ಹೇಳಿದರು. "ಕಾಲುವಿಗೆ ನೀರು ಬಿಟ್ಟಾರ್ರೀ. ನಾಕು ದಿನ ಹಿಂಗ."

ಊರಿನ ನಿಮಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ನೀರು ಮೇಲಿನಿಂದ ಬರುತ್ತದೆ, ಅದಕ್ಕಾಗಿ ಮನೆಯ ಮಾಡು ಇಳಿಜಾರು. ಇಲ್ಲಿ ನೀರು ಪಕ್ಕದಿಂದ ಬರುತ್ತದೆ. ತುಂಗಭದ್ರೆಯ ಕಾಲುವೆ ತೆರೆದಾಗ ಮೇಲಿನ ಗದ್ದೆಗಳೆಲ್ಲ ತುಂಬುತ್ತವೆ, ಉಳಿದ ನೀರು ತಗ್ಗು ಹುಡುಕುತ್ತದೆ. ನಮ್ಮ ಬಡಾವಣೆಯೂ ಗದ್ದೆಯೇ ಆಗಿತ್ತು. ನಿವೇಶನ ಮಾಡುವಾಗ ಹಳೆಯ ಬಸಿಗಾಲುವೆಯನ್ನು ಮುಚ್ಚಿದರು. ಈಗ ಆ ನೀರಿಗೆಲ್ಲ ಓಣಿಯ ಪಕ್ಕದ ಗಟಾರವೊಂದೇ ದಾರಿ. ಗಟಾರವೆಂದರೆ ನಮ್ಮ ಚರಂಡಿ.

ಹೊಸ ಬಡಾವಣೆಯ ಬಗ್ಗೆ ನಾನು ಪಾಠ ಮಾಡುವುದು ಹೀಗೆ: ಮೊದಲು ನೀರು ಕೊನೆಗೆ ಹೋಗಿ ಸೇರುವ ಹಳ್ಳದ ಮಟ್ಟ ನೋಡಿ. ಅಲ್ಲಿಂದ ಹಿಂದಕ್ಕೆ ಬಂದು ಗಟಾರದ ತಳ ಗೊತ್ತುಮಾಡಿ. ಆಮೇಲೆ ರಸ್ತೆ. ಎಲ್ಲಕ್ಕಿಂತ ಕೊನೆಗೆ ಮನೆಯ ಪಾಯ. ಇಲ್ಲಿ ಎಲ್ಲವೂ ತಿರುಗುಮುರುಗು. ಪಾಯ ಎಷ್ಟೆತ್ತರ ಎಂದು ನಿರ್ಧರಿಸುವುದು ಪಕ್ಕದ ಮನೆ.

"ಬಾಜು ಮನಿಗಿಂತ ಒಂದು ಗೇಣರ ಮ್ಯಾಲ ಇರಬೇಕ್ರಿ," ಎಂದರು ಬಸಣ್ಣ. "ಮತ್ತೊಬ್ರ ಕಾಲ್ಕೆಳಗ ಯಾರಿರ್ತಾರ?"

"ಅಂದರೆ ಮೊದಲು ಕಟ್ಟಿದವರು?"

"ಅವ್ರು ಮೊದಲ ಬಂದಾರಲ್ರಿ, ಪಾಪ," ಎಂದು ನಕ್ಕರು.

ಮೊದಲು ಬಂದವರು ನನ್ನ ಪಕ್ಕದ ಮನೆಯ ಮಾಬೂಬಿ ಖಾಲಾ. ಖಾಲಾ ಎಂದರೆ ತಾಯಿಯ ಸೋದರಿ. ಓಣಿಗೆಲ್ಲ ಅವರು ಖಾಲಾ. ಸೀರೆಗೆ ಕುಚ್ಚು ಹಾಕಿ ಬದುಕಿದವರು. ಓಣಿಯ ಕೆಳತುದಿಯಲ್ಲಿ, ಎಲ್ಲರಿಗಿಂತ ತಗ್ಗಿನಲ್ಲಿ ಅವರ ಮನೆ. ಗಟಾರ ಬಿಟ್ಟರೆ ಮನೆಯ ಮುಂದೆ ಅಂಗೈಯಗಲ ಜಾಗವಿಲ್ಲ. ಹಾಗಾಗಿ ಗಟಾರದ ಮೇಲೆಯೇ ಫರ್ಸಿಕಲ್ಲು ಹಾಸಿ, ಸಿಮೆಂಟು ಮೆತ್ತಿ, ಉದ್ದಕ್ಕೆ ಒಂದು ಕಟ್ಟೆ ಮಾಡಿಸಿದ್ದರು.

ಆ ಕಟ್ಟೆ ಇಲ್ಲದಿದ್ದರೆ ನಾನು ಮೊದಲ ತಿಂಗಳಲ್ಲೇ ವಾಪಸು ಬರುತ್ತಿದ್ದೆ. ಹೊಸ ಬಡಾವಣೆಗಳಲ್ಲಿ ಕಾಂಪೌಂಡು ಇರುತ್ತದೆ, ಗೇಟು ಇರುತ್ತದೆ, ನಾಯಿ ಇದೆ ಎಂಬ ಫಲಕ ಇರುತ್ತದೆ. ಸಂಜೆಯಾದರೆ ನನ್ನ ಧ್ವನಿ ನನಗೇ ಕೇಳಿ ಬೇಸರವಾಗುತ್ತಿತ್ತು. ಕುಚ್ಚಲಕ್ಕಿಗಾಗಿ ಅಂಗಡಿ ಅಂಗಡಿ ತಿರುಗಿ ಬರಿಗೈಯಲ್ಲಿ ಬಂದ ದಿನ ಖಾಲಾ ಕರೆದರು. "ಬಾ ಬೇಟಿ, ಕುಂದ್ರು. ಯಾಕ ಮಾರಿ ಸಣ್ದು ಮಾಡ್ಕೊಂಡಿ?" ಕೈಗೊಂದು ಹಿಡಿ ಪುಂಡಿಪಲ್ಲೆ ಸೊಪ್ಪು ಕೊಟ್ಟು ಸೋಸು, ಅಂದರೆ ಎಲೆ ಬಿಡಿಸು, ಎಂದರು. ಓಣಿಯ ಹೆಂಗಸರೆಲ್ಲ ಅಲ್ಲಿದ್ದರು. ಕಟ್ಟೆಯ ಮೇಲೆ ಕೂತೇ ನಾನು ರೊಟ್ಟಿಗೆ ಹಿಟ್ಟು ನಾದುವುದನ್ನು ಕಲಿತೆ, ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುವುದನ್ನು ಕಲಿತೆ. "ಉಂಟು" ಬಿಟ್ಟು "ಐತಿ" ಅಂದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವ ಸ್ಪರ್ಧೆಯ ಬಹುಮಾನಕ್ಕೂ ನಾನು ಅಷ್ಟು ಬೀಗಿದ್ದಿಲ್ಲ.

ಖಾಲಾ ಮೊದಲಿದ್ದ ಕೋಟೆ ಕಡೆಯ ಹಳೆ ಓಣಿಯಲ್ಲಿ ಮನೆಗೊಂದು ಕಟ್ಟೆ ಇತ್ತಂತೆ. ಅಲ್ಲಿಂದ ಇಲ್ಲಿಗೆ ಆಟೋದಲ್ಲಿ ಹತ್ತು ನಿಮಿಷವೂ ಇಲ್ಲ. "ನೀನು ದೂರದಿಂದ ಬಂದಿ, ಊರು ಬಿಟ್ಟೀನಿ ಅಂತ ನಿನಗ ಗೊತ್ತೈತಿ," ಎಂದಿದ್ದರು ಖಾಲಾ. "ನಾನು ಬಿಟ್ಟೀನಿ ಅಂದ್ರ ಯಾರೂ ನಂಬಂಗಿಲ್ಲ. ಬಾಜೂಕ ಐತಲ್ಲ ಅಂತಾರ."

ಆದರೆ ಗಟಾರ ಕಟ್ಟಿಕೊಂಡಿದ್ದು ಸರಿಯಾಗಿ ಆ ಕಟ್ಟೆಯ ಕೆಳಗೇ. ಗದ್ದೆಯ ಕೆಸರು ಬಂದು ಅಲ್ಲಿ ಕೂರುತ್ತಿತ್ತು. ತೆಗೆಯಲು ಕೈ ಹೋಗುವ ಕಿಂಡಿಯೂ ಇರಲಿಲ್ಲ. ನೀರು ಹಿಮ್ಮುಖವಾಗಿ ಮೊದಲು ಖಾಲಾ ಮನೆಯ ನೆಲಕ್ಕೆ, ಆಮೇಲೆ ನನ್ನ ಅಂಗಳಕ್ಕೆ. ಒಂದು ಸಂಜೆ ಹೇಳಿಯೇಬಿಟ್ಟೆ.

"ನಿಮ್ಮ ಮನೆ ಮುಳುಗಿಸ್ತಿರೋದು ಕಾಲುವೆ ಅಲ್ಲ ಖಾಲಾ. ಈ ಕಟ್ಟೆ."

"ಕಟ್ಟಿ ಏನ್ ಮಾಡ್ಯೈತಿ? ಪಾಪ, ಅದು ಸುಮ್ನ ಕುಂತೈತಿ."

ದಾರಿಯಲ್ಲಿ ಹೋಗುತ್ತಿದ್ದ ಬಸಣ್ಣ ನಿಂತರು. "ಮೇಡಂ ಓದಿದ್ದು ಸಮುದ್ರದ ಗಟಾರ, ಖಾಲಾ. ನಮ್ಮಲ್ಲಿ ಮಳಿನ ಬರಂಗಿಲ್ಲ. ಗಟಾರಕ್ಕ ಏನ್ ಕೆಲಸ?"

"ಅದಕ್ಕೇ ಮುಚ್ಚಿದ್ದೀರಿ," ಎಂದೆ. "ನೀವು ಆಕಾಶ ನೋಡಿ ಗಟಾರ ಬೇಡ ಅಂತೀರಿ. ಗದ್ದೆ ನೋಡಿ ಹೇಳಿ."

"ಇಕಿ ಜೋಡಿ ವಾದ ಮಾಡಬ್ಯಾಡ ಬಸಣ್ಣ," ಎಂದರು ಖಾಲಾ, ಕುಚ್ಚಿನ ದಾರ ಹಲ್ಲಲ್ಲಿ ಕಡಿಯುತ್ತ. "ಇಕಿ ಗೆಲ್ತಾಳ. ಆದ್ರ ನಾ ಕಟ್ಟಿ ಒಡಿಸಂಗಿಲ್ಲ."

ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಖಾಲಾ ಮಗಳು ಶಬಾನಾಗೆ ದಿನ ತುಂಬುತ್ತ ಬಂದಿತ್ತು. ಕುಷ್ಟಗಿಯ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕು. ಅವಳ ಅತ್ತೆ ಮೊದಲು ಕೋಣೆ ನೋಡಲು ಬಂದರು. ಗೋಡೆಗೆ ಅಂಗೈ ಒತ್ತಿ, ತೆಗೆದು, ಆ ಕೈಯನ್ನು ನೋಡಿಕೊಂಡರು. ಜಗಳದ ದನಿಯೇನಲ್ಲ. "ಹಸಿ ಗ್ವಾಡಿ ನಡುವ ಹಸಿ ಬಾಣಂತಿನ ಹೆಂಗ ಇಡಾಕ ಆಕ್ಕೈತ್ರಿ? ನಮ್ಮಲ್ಲೇ ಇರ್ಲಿ ಬಿಡ್ರಿ," ಎಂದು ಚಹಾ ಕುಡಿದು ಹೋದರು.

ಖಾಲಾ ಆ ಸಂಜೆ ಕಟ್ಟೆಗೆ ಬರಲಿಲ್ಲ. ಮರುದಿನ ನನ್ನ ಬಾಗಿಲಿಗೆ ಬಂದು, "ಒಡದ್ರ ಗ್ವಾಡಿ ಒಣಗತಾವೇನು? ನಿನ್ನ ಪುಸ್ತಕ ಬ್ಯಾಡ, ನಿನ್ನ ಮಾತು ಹೇಳು," ಎಂದರು.

"ಒಣಗ್ತಾವೆ ಖಾಲಾ."

"ಮತ್ತ ಒಡಿಸು."

ಹಾರೆ ಹಾಕಿದವರು ಫರ್ಸಿ ಎತ್ತಿದಾಗ ಕೆಳಗೆ ಕಪ್ಪು ಕೆಸರು, ಅದರ ನಡುವೆ ಬೆಳಕು ಕಾಣದೆ ಬಿಳಿಚಿದ ಒಂದು ಭತ್ತದ ಸಸಿ. ಕೆಸರು ಎಳೆಯುತ್ತಿದ್ದಂತೆ ನಿಂತ ನೀರು ಗುಳುಗುಳು ಎಂದು ಹಳ್ಳದ ಕಡೆಗೆ ಹರಿಯಿತು. ಮೇಲೆ ಎತ್ತಿ ತೆಗೆಯಬಹುದಾದ ಕಬ್ಬಿಣದ ಜಾಳಿಗೆ ಹಾಕಿಸಿದೆವು. ಬಸಣ್ಣ ತಾವಾಗಿಯೇ ತಮ್ಮ ಮನೆ ಮುಂದಿನ ಗಟಾರದ ಕಲ್ಲುಗಳನ್ನೂ ಸಡಿಲ ಮಾಡಿಸಿದರು. "ನೀವು ಗೆದ್ರಿ ಮೇಡಂ," ಎಂದರು. ನಾನು ನಕ್ಕೆ. ಜಾಳಿಗೆಯ ಮೇಲೆ ದಾಟಬಹುದು, ಕೂರಲಾಗುವುದಿಲ್ಲ ಎಂಬುದು ನನಗೆ ಸಂಜೆಯೇ ತಿಳಿದದ್ದು. ಹೆಂಗಸರು ಬಂದರು, ಸ್ವಲ್ಪ ಹೊತ್ತು ನಿಂತರು, ಒಬ್ಬೊಬ್ಬರಾಗಿ ಗೇಟಿನೊಳಗೆ ಹೋದರು.

ಗೋಡೆ ಒಣಗಿತು. ಕಾಲುವೆಗೆ ಮತ್ತೆ ನೀರು ಬಿಟ್ಟಾಗಲೂ ನೆಲಕ್ಕೆ ಬರಲಿಲ್ಲ. ಶಬಾನಾ ಬಂದಳು, ಹೆಣ್ಣುಮಗು ಹುಟ್ಟಿತು.

ಈ ಸಲ ರಜೆಗೆ ಮಂಗಳೂರಿಗೆ ಬಂದಾಗ ಮಾತಿನ ನಡುವೆ "ನಮ್ಮ ಓಣ್ಯಾಗ" ಎಂದುಬಿಟ್ಟೆ. ಅಮ್ಮ ಮೀನು ಬಡಿಸುತ್ತಿದ್ದವರು ಸೌಟು ಹಿಡಿದು ನಿಂತರು. "ಯಾವ ಓಣಿ?" ಎಂದರು. ಗಂಗಾವತಿಯಲ್ಲಿ ನಾನಿನ್ನೂ ಸಮುದ್ರದ ಮೇಡಂ. ಮಂಗಳೂರಿನಲ್ಲಿ ಮಳೆ ಶುರುವಾದರೆ ಮಾಡು ಬಿಟ್ಟು ಗದ್ದೆಯ ಕಡೆಗೆ ನೋಡುತ್ತೇನೆ.

ರಜೆ ಮುಗಿಸಿ ಹಿಂತಿರುಗಿದ ದಿನ ಖಾಲಾ ಮನೆಗೆ ಹೋದೆ. ಕೋಣೆಯಲ್ಲಿ ಲೋಬಾನದ ಹೊಗೆ. ಖಾಲಾ ನೆಲದ ಮೇಲೆ, ಒಣ ಗೋಡೆಗೆ ಬೆನ್ನು ಕೊಟ್ಟು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಹೊರಗೆ ಸಂಜೆಯಾಗುತ್ತಿತ್ತು, ಓಣಿಯಲ್ಲಿ ಯಾರ ಮಾತೂ ಇರಲಿಲ್ಲ. ಎಷ್ಟೋ ಸಭೆಗಳಲ್ಲಿ ಎದುರಾಳಿಗೆ ಪ್ರಶ್ನೆ ಹಾಕಿದ್ದೇನೆ, ಉತ್ತರವನ್ನು ಮೊದಲೇ ಸಿದ್ಧಮಾಡಿಕೊಂಡು. ಇದು ಅಂಥದ್ದಲ್ಲ. ಮಗುವಿನ ಪುಟ್ಟ ಪಾದ ಹಿಡಿದುಕೊಂಡು ಕೇಳಿದೆ:

"ಖಾಲಾ, ನಾ ನಿಮಗ ಒಣ ಮನಿ ಕೊಟ್ಟೆನೋ, ಓಣಿ ಕಸ್ಗೊಂಡೆನೋ?"