ಅಮಾವಾಸ್ಯೆ, ನಿಂಬೆಹಣ್ಣು ಮತ್ತು ಒಂದು ಫೋಟೋ

ಅಮಾವಾಸ್ಯೆಯ ದಿನ ಮನೆಯೊಳಗೆ ಕತ್ತಲು ಮಾಡಿಕೊಂಡು, ಕುಂಕುಮದ ನೀರಿಗೆ ನಿಂಬೆಹಣ್ಣು ಹಾಕುತ್ತಾ ಕೂತರೆ ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೆ? ಈ ಪ್ರಶ್ನೆ ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹೊಳೆದದ್ದು ಫೋಟೋ ಮಾತ್ರ. ನೀರಿಗೆ ಹಣ್ಣು ಬಿದ್ದಾಗ ಚಿಮ್ಮುತ್ತದಲ್ಲ, ಆ ಹನಿಗಳು ಗಾಳಿಯಲ್ಲೇ ನಿಂತಂತೆ ಕಾಣುವ ಫೋಟೋ. ಇಂಟರ್‌ನೆಟ್‌ನಲ್ಲಿ ನೋಡಿದಾಗಿನಿಂದ ತಲೆಯಲ್ಲಿ ಹುಳ ಹೊಕ್ಕಿತ್ತು. ಮನೆಗೆ ಹೊಸ ಡಿಜಿಟಲ್ ಕ್ಯಾಮೆರಾ ಬೇರೆ ಬಂದಿತ್ತು. ಕೋಣೆ ಕತ್ತಲಾಗಿರಬೇಕು, ಹಣ್ಣು ನೀರು ಮುಟ್ಟುವ ಗಳಿಗೆಯಲ್ಲೇ ಫ್ಲ್ಯಾಶ್ ಹೊಡೆಯಬೇಕು. ಅಷ್ಟೇ. (ಅಷ್ಟೇ ಅಂತ ಇಂಟರ್‌ನೆಟ್ ಹೇಳುತ್ತದೆ.)

ಭಾನುವಾರ ಮಧ್ಯಾಹ್ನ ಹಾಲ್ ಕಿಟಕಿಗೆ ಕರಿ ಕಂಬಳಿ ಕಟ್ಟಿದೆ. ಗಾಜಿನ ಲೋಟದಲ್ಲಿ ನೀರಿಟ್ಟು, ಬಣ್ಣ ಬರಲೆಂದು ಕುಂಕುಮ ಕದಡಿದೆ. ಅವತ್ತು ಅಮಾವಾಸ್ಯೆ ಅನ್ನುವುದು ಕ್ಯಾಲೆಂಡರಿಗೆ ಗೊತ್ತಿತ್ತು, ನನಗಲ್ಲ. ಹಣ್ಣು ಬಿಡುವ ಕೆಲಸ ನಮ್ಮ ಯಜಮಾನರಿಗೆ.

"ಬಿಡ್ಲಾ?"

"ಬಿಡ್ರೀ!"

ಒಂದು ಫೋಟೋದಲ್ಲಿ ಹಣ್ಣು ಇನ್ನೂ ಗಾಳಿಯಲ್ಲಿದೆ. ಇನ್ನೊಂದರಲ್ಲಿ ಬಿದ್ದು, ನೀರೂ ತಣ್ಣಗೆ ಕೂತಿದೆ. ಮತ್ತೊಂದರಲ್ಲಿ ಯಜಮಾನರ ಮೂಗು. ಲೋಟ ತುಂಬಿಸಿ ತುಂಬಿಸಿ ನೆಲವೆಲ್ಲ ಕೆಂಪು ನೀರು. ಬಾಗಿಲು ತೆಗೆದು ಪೊರಕೆಯಿಂದ ಆಚೆ ತಳ್ಳಿದೆ. ಅದು ಮೆಟ್ಟಿಲಿಳಿದು ಕೆಳಗಿನ ಮನೆ ಓನರ್ ಆಂಟಿಯ ರಂಗೋಲಿ ಮೇಲೆ ಹರಿಯಿತು. ಹಿಂದೆಯೇ ಒಂದು ನಿಂಬೆಹಣ್ಣೂ ಉರುಳಿಕೊಂಡು ಹೋಯಿತು.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು.

"ಮುಗೀತು ಕಣೇ, ಮನೆ ಖಾಲಿ ಮಾಡಿ ಅಂತಾರೆ" ಎಂದರು ಯಜಮಾನರು. ಈ ಭಯ ಬಾಡಿಗೆ ಮನೆಯವರಿಗಷ್ಟೇ ಗೊತ್ತು. ಮಗಳ ಸ್ಕೂಲಿಗೆ ಇಷ್ಟು ಹತ್ತಿರ, ಅದೂ ಬಸವೇಶ್ವರನಗರದಲ್ಲಿ, ಮತ್ತೊಂದು ಪೋರ್ಷನ್ ಎಲ್ಲಿ ಹುಡುಕಲಿ?

ಆಂಟಿಯ ಕೈಯಲ್ಲಿ ಸ್ಟೀಲ್ ಡಬ್ಬಿ ಇತ್ತು. ಕಂಬಳಿ ನೋಡಿದರು, ನೆಲ ನೋಡಿದರು. ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡರು.

"ಏನಮ್ಮಾ ಕಷ್ಟ ನಿಮ್ಗೆ? ಮಗು ಹುಷಾರಾಗಿದೆ ತಾನೆ? ಯಾರ್ದೋ ಮಾತು ಕೇಳ್ಕೊಂಡು ಇದೆಲ್ಲಾ ಯಾಕ್ ಮಾಡಕ್ಕೋಗ್ತೀರ? ಕೆಳಗೆ ನಾವಿಲ್ವಾ? ತಗೊಳಿ, ಬಿಸಿ ಸಾರಿದೆ. ಇಂಥದ್ರಲ್ಲಿ ಅಡುಗೆ ಎಲ್ಲಿ ಮಾಡಿರ್ತೀರ!"

ಮಾಟ ಮಾಡಿಸುತ್ತಿದ್ದಾರೆಂದು ಗುಮಾನಿ ಬಂದ ಮನೆಗೆ ಸಾರು ಹಿಡಿದುಕೊಂಡು ಹೋಗುವವರನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಕಣ್ಣು ತುಂಬಿ ಬಂತು. (ಸಾರು ಕುಡಿದ ಮೇಲೆ ಇನ್ನಷ್ಟು.)

ಕ್ಯಾಮೆರಾ ತೋರಿಸಿ ಎಲ್ಲ ವಿವರಿಸಿದೆ. ಆಂಟಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. "ಇಷ್ಟೇನಾ! ಕೊಡಿ ಇಲ್ಲಿ, ನಾನೂ ಒಂದ್ ಹಾಕ್ತೀನಿ" ಎಂದು ಯಜಮಾನರ ಕೈಯಿಂದ ನಿಂಬೆಹಣ್ಣು ಕಿತ್ತುಕೊಂಡರು.

ಆ ಫೋಟೋ ಬಂತು ನೋಡಿ! ಲೋಟದ ಮೇಲೆ ಕೆಂಪು ಹನಿಗಳು ಸುಮ್ಮನೆ ನಿಂತಿವೆ. ಮೇಲ್ತುದಿಯಲ್ಲಿ ಆಂಟಿಯ ಹಸಿರು ಬಳೆಗಳ ಕೈಯೂ ಬಂದುಬಿಟ್ಟಿದೆ. ಫೋಟೋಗ್ರಫಿ ಬಲ್ಲ ಗೆಳೆಯರೊಬ್ಬರಿಗೆ ತೋರಿಸಿದೆ. "ಸೂಪರ್ ಮೇಡಂ, ಆದ್ರೆ ಆ ಕೈ ಕ್ರಾಪ್ ಮಾಡ್ಬಿಡಿ" ಎಂದರು.

ಹೇಳಿ, ಸಾರು ತಂದ ಕೈಯನ್ನು ಯಾರಾದರೂ ಕತ್ತರಿಸುತ್ತಾರೆಯೇ?