ಸಾವಿನ ಗಂಟೆಯ ಲೆಕ್ಕ

ನಂಜನಗೂಡಿನಿಂದ ನರಸೀಪುರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿನ ಚರ್ಚಿನ ಗಂಟೆ ಹೊಡೆಯುತ್ತಿದ್ದವರು ನನ್ನ ಅಪ್ಪ. ಹೊತ್ತು ಹೊತ್ತಿಗೆ ಪ್ರಾರ್ಥನೆಯ ಗಂಟೆ. ಯಾರಾದರೂ ಸತ್ತರೆ ವಯಸ್ಸಿನ ಪ್ರಕಾರ ವರ್ಷಕ್ಕೊಂದು ಏಟು. ಗದ್ದೆಯಲ್ಲಿದ್ದವರು ಕೈ ನಿಲ್ಲಿಸಿ ಎಣಿಸುತ್ತಿದ್ದರು. ಅಪ್ಪನ ಲೆಕ್ಕ ಒಮ್ಮೆಯೂ ತಪ್ಪಿದ್ದಿಲ್ಲ. ಅದರ ಜಂಬವೂ ಅವರಿಗೆ ಚೆನ್ನಾಗಿಯೇ ಇತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೆರಿಗೆಗೆ ತವರಿಗೆ ಬಂದೆ. ನಂಜನಗೂಡಿನ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಮಗ ಹುಟ್ಟಿದ. ಬಿಸಿಲೇರುವ ಮೊದಲೇ ಉಸಿರು ಕಟ್ಟಿ ಹೋದ. ಅಂಥ ಹೊತ್ತಿನಲ್ಲಿ ಪಾದ್ರಿಯೇ ಬೇಕೆಂದಿಲ್ಲ, ಯಾರು ಬೇಕಾದರೂ ಕೂಸಿನ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಟ್ಟು ಚರ್ಚಿಗೆ ಸೇರಿಸಿಕೊಳ್ಳಬಹುದು. ನನಗಾಗಲಿ ಅವ್ವನಿಗಾಗಲಿ ಅದು ಹೊಳೆಯಲೇ ಇಲ್ಲ. ಅಪ್ಪನಿಗಾದರೆ ಹೊಳೆಯುತ್ತಿತ್ತು. ಆದರೆ ಅವರು ಬೆಳಗಿನ ಗಂಟೆ ತಪ್ಪಬಾರದೆಂದು ಮೊದಲ ಬಸ್ಸಿಗೇ ಊರಿಗೆ ಹೋಗಿಬಿಟ್ಟಿದ್ದರು.

ಜ್ಞಾನಸ್ನಾನವಾಗದ ಕೂಸಿಗೆ ನಮ್ಮೂರಲ್ಲಿ ಸಾವಿನ ಗಂಟೆ ಹೊಡೆಯುತ್ತಿರಲಿಲ್ಲ.

“ಒಂದೇ ಒಂದು ಏಟು ಒಡಿಯಪ್ಪ,” ಎಂದು ಅಪ್ಪನ ಕಾಲು ಹಿಡಿದೆ.

“ಕಟ್ಲೆ ಅಂಗಿಲ್ಲ ಕಣವ್ವ,” ಎಂದರು, ನನ್ನ ಮುಖ ನೋಡದೆ.

“ನಿನ್ಗೆ ನಿನ್ ಗಂಟೆನೇ ಎಚ್ಚು,” ಎಂದೆ. ಆಮೇಲೆ ಅವರ ಜೊತೆ ಮಾತು ಬಿಟ್ಟೆ. ಅದೆಂಥ ಕಲ್ಲು ಮನಸ್ಸೋ ಎಂದು ಹಲ್ಲು ಕಚ್ಚಿಕೊಂಡೇ ಬಾಣಂತನ ಕಳೆದೆ. ಎದೆಹಾಲು ಇನ್ನೂ ಬತ್ತಿರಲಿಲ್ಲ. ಯಾರ ಮೇಲಾದರೂ ಸಿಟ್ಟಿರಬೇಕಿತ್ತು ನನಗೆ.

ಎರಡು ತಿಂಗಳಿಗೆ ಪಕ್ಕದ ಮನೆಯ ಅಜ್ಜಿ ತೀರಿಕೊಂಡರು. ಎಪ್ಪತ್ತಾರು ವರ್ಷ. ಜಗುಲಿಯಲ್ಲಿ ಅಕ್ಕಿ ಆರಿಸುತ್ತಾ ನಾನೂ ಎಣಿಸಿದೆ. ಎಪ್ಪತ್ತಾರಕ್ಕೆ ಗಂಟೆ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಏಟು ಬಿತ್ತು, ಬಲು ಮೆಲ್ಲಗೆ.

“ವಯಸ್ಸಾಯ್ತು ಬುಡಿ, ಲೆಕ್ಕ ತಪ್ತಾವ್ರೆ,” ಎಂದು ಊರವರು ಛೇಡಿಸಿದರು. ಅಷ್ಟು ಜಂಬದ ಮನುಷ್ಯ, “ಊಂ ಕಣ್ಲಾ, ತಪ್ಪೋಯ್ತು,” ಎಂದು ಒಪ್ಪಿಕೊಂಡುಬಿಟ್ಟರು. ನನಗೆ ಒಳಗೊಳಗೇ ಖುಷಿಯಾಯಿತು. ಹೇಳಲು ಈಗ ನಾಚಿಕೆಯಾಗುತ್ತದೆ.

ಮುಂದಿನ ಸಾವು ಐವತ್ತನಾಲ್ಕರದ್ದು. ಗಂಟೆ ನಲವತ್ತು ದಾಟುವಾಗ, ಅಜ್ಜಿಯ ಲೆಕ್ಕ ಮುಗಿದ ಮೇಲೆ ಬಿದ್ದ ಆ ಮೆಲ್ಲನೆಯ ಏಟು ನೆನಪಾಯಿತು. ಮೊರ ಬಿಸಾಕಿ ಚರ್ಚಿಗೆ ಓಡಿದೆ. ಅಪ್ಪ ಐವತ್ತನಾಲ್ಕು ಮುಗಿಸಿ, ಹಗ್ಗ ಬಿಡದೆ ನಿಂತಿದ್ದರು. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

ನನ್ನನ್ನು ನೋಡಿ ಹಗ್ಗವನ್ನು ಕೈಗಿಟ್ಟರು.

“ಇನ್ನೊಂದೈತೆ. ನೀನೇ ಎಳಿಯವ್ವ.”

ಎಳೆದೆ. ಅವತ್ತೂ ಊರವರು, ಅಪ್ಪನ ಲೆಕ್ಕ ಮತ್ತೆ ತಪ್ಪಿತು ಎಂದರು.